ಸರ್ ಎಂ. ವಿಶ್ವೇಶ್ವರಯ್ಯ: ವೇಳೆಯ ಲೆಕ್ಕವಿಟ್ಟ ಆಡಳಿತಗಾರರು

ಪೀಠಿಕೆ

ಸರ್ಕಾರಿ ಕಚೇರಿಗೆ ಅರ್ಜಿ ಸಲ್ಲಿಸಲು ಬರುವ ಸಾರ್ವಜನಿಕರು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಕಚೇರಿ ಎಷ್ಟು ಗಂಟೆಗೆ ತೆರೆಯುತ್ತದೆ, ಸಂಬಂಧಪಟ್ಟ ಅಧಿಕಾರಿಗಳು ಯಾವಾಗ ಸಿಗುತ್ತಾರೆ, ಕೆಲಸ ಯಾವ ದಿನ ಮುಗಿಯುತ್ತದೆ ಎಂಬುವೇ ಆ ಪ್ರಶ್ನೆಗಳು. ಮೂರೂ ವೇಳೆಗೆ ಸಂಬಂಧಿಸಿದವುಗಳೇ ಆಗಿವೆ. ಕಚೇರಿಯ ಒಳಗಿರುವವರಿಗೆ ಒಂದು ಕಡತದ ವಿಳಂಬವು ಮೇಜಿನ ಮೇಲಿನ ಒಂದು ಕಟ್ಟಿನಂತೆ ಕಂಡರೆ, ಹೊರಗೆ ಕಾಯುವವರಿಗೆ ಅದು ಒಂದು ದಿನದ ಕೂಲಿ, ಒಂದು ಬಸ್ ಪ್ರಯಾಣದ ಖರ್ಚು, ಕೆಲವೊಮ್ಮೆ ಮಗುವಿನ ಒಂದು ವರ್ಷದ ವಿದ್ಯಾಭ್ಯಾಸವೂ ಆಗಿರುತ್ತದೆ.

ಈ ಸಂಗತಿಯನ್ನು ತಮ್ಮ ಸೇವಾವಧಿಯುದ್ದಕ್ಕೂ ಮನಸ್ಸಿನಲ್ಲಿಟ್ಟುಕೊಂಡು ಕಾರ್ಯನಿರ್ವಹಿಸಿದ ಆಡಳಿತಗಾರರಲ್ಲಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಅಗ್ರಗಣ್ಯರು. ಅವರ ಸಮಯಪಾಲನೆಯನ್ನು ಕುರಿತು ನಾಡಿನಲ್ಲಿ ಹಲವಾರು ಕಥೆಗಳು ಪ್ರಚಲಿತದಲ್ಲಿವೆ. ಅವರ ಸಂಜೆಯ ನಡಿಗೆಯನ್ನು ನೋಡಿ ಜನರು ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರೆಂದೂ, ಸರ್ಕಾರಿ ಕೆಲಸ ಮುಗಿದೊಡನೆ ಸರ್ಕಾರದ ಮೇಣದಬತ್ತಿಯನ್ನು ನಂದಿಸಿ ಸ್ವಂತದ ಬತ್ತಿಯನ್ನು ಹಚ್ಚುತ್ತಿದ್ದರೆಂದೂ ಹಿರಿಯರು ಮಕ್ಕಳಿಗೆ ಹೇಳುತ್ತಾರೆ. ಇವು ಜನರು ಅವರಲ್ಲಿಟ್ಟಿದ್ದ ಗೌರವವನ್ನು ತೋರಿಸುತ್ತವೆ. ಆದರೆ ಅವರ ನಿಜವಾದ ಸಾಧನೆ ಇಂತಹ ಕಥೆಗಳಿಗಿಂತ ದೊಡ್ಡದು. ವೇಳೆಯನ್ನು ತಾವೊಬ್ಬರೇ ಪಾಲಿಸಿದ್ದಲ್ಲದೆ, ಕಚೇರಿಗಳೂ ಕಾಮಗಾರಿಗಳೂ ವೇಳೆಯನ್ನು ಪಾಲಿಸುವಂತಹ ವ್ಯವಸ್ಥೆಯನ್ನು ಅವರು ರೂಪಿಸಿದರು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ವಿವರಗಳನ್ನು ಈ ದೃಷ್ಟಿಯಿಂದ ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರ ಜನ್ಮಸ್ಥಳ ಈಗಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷಮ್ಮನವರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಬೆಂಗಳೂರಿಗೆ ಬಂದು ವಿದ್ಯಾಭ್ಯಾಸ ಮುಂದುವರಿಸಿದರು. ಮನೆಯಿಂದ ಹಣಕಾಸಿನ ನೆರವು ಸಾಕಷ್ಟು ಇರಲಿಲ್ಲವಾದ್ದರಿಂದ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚನ್ನು ನಿಭಾಯಿಸಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಪಾಠ ಹೇಳುವ ವೇಳೆ, ಕಾಲೇಜಿನ ವೇಳೆ, ಸ್ವಂತ ಓದಿನ ವೇಳೆ ಇವುಗಳನ್ನು ಹೊಂದಿಸಿಕೊಳ್ಳದೆ ಇಂತಹ ವಿದ್ಯಾರ್ಥಿಗೆ ಗತ್ಯಂತರವಿರಲಿಲ್ಲ. ದಿನವನ್ನು ಭಾಗಗಳಾಗಿ ವಿಂಗಡಿಸಿ ಬಳಸುವ ಅವರ ಪದ್ಧತಿಯ ಹಿಂದೆ ಬಡತನದ ಈ ಅನುಭವವೂ ಇದೆ.

ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಅಭ್ಯಾಸ ಮಾಡಿದರು. ಅಂದು ಮೈಸೂರಿನಲ್ಲಿ ರಂಗಾಚಾರ್ಲು ಅವರು ದಿವಾನರಾಗಿದ್ದರು. 1883ರ ಪರೀಕ್ಷೆಯಲ್ಲಿ ವಿಶ್ವೇಶ್ವರಯ್ಯನವರು ಪ್ರಥಮ ಸ್ಥಾನ ಗಳಿಸಿದರು. ಬಡ ವಿದ್ಯಾರ್ಥಿಯೊಬ್ಬನ ಕೈಗೆ ವಿದ್ಯಾರ್ಥಿವೇತನವು ಬೇಕಾದ ವರ್ಷದಲ್ಲಿಯೇ ತಲುಪಿದ್ದರಿಂದ ನಾಡಿಗೆ ಆದ ಲಾಭವೇನೆಂಬುದಕ್ಕೆ ಅವರ ಮುಂದಿನ ಜೀವನವೇ ಸಾಕ್ಷಿ. ಅದೇ ವೇತನ ಎರಡು ವರ್ಷ ತಡವಾಗಿ ಮಂಜೂರಾಗಿದ್ದರೆ ಆ ಯುವಕರು ಬೇರೆ ಯಾವುದಾದರೂ ಉದ್ಯೋಗ ಹಿಡಿಯಬೇಕಾಗುತ್ತಿತ್ತು.

ಮುಂಬಯಿ ಪ್ರಾಂತ್ಯದಲ್ಲಿ ಸೇವೆ

1884ರಲ್ಲಿ ಅವರು ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ನೇಮಕಗೊಂಡರು. ಸೇವೆಯ ಆರಂಭದಲ್ಲಿ ಖಾನದೇಶ ಜಿಲ್ಲೆಯಲ್ಲಿ ಹಳ್ಳವೊಂದಕ್ಕೆ ಅಡ್ಡಲಾಗಿ ಕೊಳವೆಯ ಮೂಲಕ ನೀರು ಹಾಯಿಸುವ ಕಾಮಗಾರಿಯನ್ನು ಅವರಿಗೆ ವಹಿಸಲಾಯಿತು. ಮಳೆ ಪ್ರಾರಂಭವಾಗಿ ಪ್ರವಾಹದಿಂದ ಕೆಲಸಕ್ಕೆ ಅಡ್ಡಿಯುಂಟಾದಾಗ, ಮಳೆಗಾಲ ಕಳೆಯುವವರೆಗೆ ಕಾಮಗಾರಿಯನ್ನು ಮುಂದೂಡಬಹುದೆಂದು ಅವರು ಮೇಲಧಿಕಾರಿಗಳಿಗೆ ಬರೆದರು. ಮೇಲಧಿಕಾರಿಗಳು ಇದನ್ನು ಒಪ್ಪದೆ ಅಸಮಾಧಾನ ವ್ಯಕ್ತಪಡಿಸಿದರು. ಯುವ ಅಧಿಕಾರಿಗಳು ತಮ್ಮ ನಿಲುವನ್ನು ಮರುಪರಿಶೀಲಿಸಿಕೊಂಡು, ಮಳೆಯ ನಡುವೆಯೇ ಕೆಲಸ ಕೈಗೊಂಡು ಪೂರ್ಣಗೊಳಿಸಿದರು. ಮುಂದೆ ಕಾಲನಿಷ್ಠೆಗೆ ಹೆಸರಾದವರು ಕೂಡ ತಮ್ಮ ಮೊದಲ ಕೆಲಸಗಳಲ್ಲಿ ಒಂದನ್ನು ಮುಂದೂಡಲು ಬಯಸಿದ್ದರೆಂಬುದು ಗಮನಾರ್ಹ. ಸಮಯಪಾಲನೆ ಅವರಿಗೆ ಹುಟ್ಟಿನಿಂದ ಬಂದ ಗುಣವಾಗಿರದೆ, ಕೆಲಸದಿಂದ ಕಲಿತುಕೊಂಡ ಅಭ್ಯಾಸವಾಗಿತ್ತು.

1890ರ ದಶಕದಲ್ಲಿ ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣದ ನೀರು ಸರಬರಾಜು ಕಾಮಗಾರಿಯನ್ನು ಅವರಿಗೆ ವಹಿಸಲಾಯಿತು. ಸಿಂಧೂ ನದಿಯ ನೀರು ಮರಳು ಮತ್ತು ಮಣ್ಣಿನಿಂದ ಕದಡಿರುತ್ತಿತ್ತು. ನೀರನ್ನು ಸೋಸಲು ದೊಡ್ಡ ಶೋಧಕ ತೊಟ್ಟಿಗಳನ್ನು ಕಟ್ಟಲು ಪುರಸಭೆಯ ಬಳಿ ಹಣವಿರಲಿಲ್ಲ. ಹಣ ಬರುವವರೆಗೆ ಕಾಯುವ ಬದಲಾಗಿ ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಪದರದ ಮೂಲಕ ಸೋಸಿ ಬರುವ ನೀರನ್ನು ಪಂಪುಗಳಿಂದ ಮೇಲೆತ್ತುವ ವ್ಯವಸ್ಥೆಯನ್ನು ಅವರು ಮಾಡಿದರು. 1895ರಲ್ಲಿ ಈ ಯೋಜನೆ ಕಾರ್ಯರೂಪಕ್ಕೆ ಬಂದಿತು. ಅನುದಾನದ ಕೊರತೆಯನ್ನು ವಿಳಂಬಕ್ಕೆ ಕಾರಣವಾಗಿ ತೋರಿಸದೆ, ಇರುವ ಹಣದಲ್ಲಿ ಆಗಬಹುದಾದ ದಾರಿಯನ್ನು ಹುಡುಕುವುದು ಅವರ ಕಾರ್ಯವಿಧಾನದ ಮುಖ್ಯ ಲಕ್ಷಣವಾಗಿತ್ತು.

ಪುಣೆಯ ಸುತ್ತಲಿನ ಕಾಲುವೆಗಳ ಉಸ್ತುವಾರಿ ವಹಿಸಿಕೊಂಡಾಗ ಅವರು ಕಂಡ ಸಮಸ್ಯೆ ಬೇರೆ ಬಗೆಯದು. ಕಾಲುವೆಯ ನೀರು ಕೆಲವರಿಗೆ ಯಥೇಚ್ಛವಾಗಿ ಸಿಗುತ್ತಿದ್ದರೆ ಉಳಿದವರಿಗೆ ಸಿಗುತ್ತಲೇ ಇರಲಿಲ್ಲ. 1899ರಿಂದ ಅವರು ನೀರನ್ನು ಸರದಿಯ ಪ್ರಕಾರ ಬಿಡುವ ಕ್ರಮವನ್ನೂ, ಜಮೀನುಗಳನ್ನು ವಿಭಾಗಗಳಾಗಿ ವಿಂಗಡಿಸಿ ಬೆಳೆಗೆ ತಕ್ಕಂತೆ ನೀರು ಹಂಚುವ ಕ್ರಮವನ್ನೂ ರೂಪಿಸಿದರು. ಕಾಲುವೆಯ ಪಕ್ಕದ ಜಮೀನುದಾರರು ಇದನ್ನು ವಿರೋಧಿಸಿದರು, ಪತ್ರಿಕೆಗಳಲ್ಲಿಯೂ ಟೀಕೆಗಳು ಬಂದವು. ಅವರು ರೈತರ ಸಭೆಗಳಿಗೆ ಹಾಜರಾಗಿ ಹೊಸ ಕ್ರಮವನ್ನು ವಿವರಿಸಿ ಒಪ್ಪಿಗೆ ಪಡೆದರು. ನೀರಿನ ಸರದಿಯಲ್ಲಿ ತನ್ನ ದಿನ ಯಾವುದೆಂದು ಮೊದಲೇ ತಿಳಿದ ರೈತನು ಯಾರ ಮರ್ಜಿಯನ್ನೂ ಕಾಯಬೇಕಾಗಿಲ್ಲ. ಕಚೇರಿಯ ಸರದಿಗೂ ಇದೇ ಮಾತು ಅನ್ವಯಿಸುತ್ತದೆ.

1903ರಲ್ಲಿ ಪುಣೆ ಸಮೀಪದ ಖಡಕವಾಸ್ಲಾ ಜಲಾಶಯದಲ್ಲಿ ಅವರು ವಿನ್ಯಾಸಗೊಳಿಸಿದ ಸ್ವಯಂಚಾಲಿತ ತೂಬಿನ ಬಾಗಿಲುಗಳನ್ನು ಅಳವಡಿಸಲಾಯಿತು. ನೀರು ನಿಗದಿತ ಮಟ್ಟಕ್ಕೆ ಏರಿದಾಗ ಬಾಗಿಲುಗಳು ತಾವಾಗಿಯೇ ತೆರೆದುಕೊಂಡು, ಮಟ್ಟ ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. ಅಣೆಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ಸಂಗ್ರಹಿಸುವುದು ಇದರಿಂದ ಸಾಧ್ಯವಾಯಿತು. ಮನುಷ್ಯನು ಮರೆಯಬಹುದಾದ ಕೆಲಸವನ್ನು ವ್ಯವಸ್ಥೆಯೇ ನೆನಪಿಟ್ಟುಕೊಂಡು ಮಾಡುವಂತೆ ಏರ್ಪಡಿಸಬೇಕೆಂಬ ಅವರ ಆಲೋಚನೆ ಮುಂದೆ ಆಡಳಿತದಲ್ಲಿಯೂ ಕಾಣಿಸಿಕೊಂಡಿತು.

ಹೈದರಾಬಾದಿನಿಂದ ಕನ್ನಂಬಾಡಿಗೆ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಬಂದ ಮಹಾಪ್ರವಾಹದಿಂದ ಹೈದರಾಬಾದ್ ನಗರದಲ್ಲಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಮುಂಬಯಿ ಸರ್ಕಾರದ ಸೇವೆಯಿಂದ ನಿವೃತ್ತಿ ಪಡೆದಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರವು 1909ರಲ್ಲಿ ಕರೆಸಿಕೊಂಡಿತು. ಮಳೆಯ ಪ್ರಮಾಣ, ಮೇಲ್ಭಾಗದ ಕೆರೆಗಳ ಸ್ಥಿತಿ, ನದಿಯ ಹರಿವು ಮುಂತಾದ ಅಂಕಿಅಂಶಗಳನ್ನು ಮೊದಲು ಸಂಗ್ರಹಿಸಿ, ಅವುಗಳ ಆಧಾರದ ಮೇಲೆ ನಗರದ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆಹಿಡಿಯುವ ಜಲಾಶಯಗಳನ್ನು ನಿರ್ಮಿಸಲು ಅವರು ಶಿಫಾರಸು ಮಾಡಿದರು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಈ ಕಾರ್ಯದ ಫಲಗಳಾಗಿವೆ.

1909ರ ನವೆಂಬರ್ ತಿಂಗಳಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಹುದ್ದೆಯನ್ನು ವಹಿಸಿಕೊಂಡರು. ಕಾವೇರಿ ನದಿಗೆ ಕನ್ನಂಬಾಡಿಯ ಬಳಿ ಅಣೆಕಟ್ಟೆ ನಿರ್ಮಿಸುವ ಯೋಜನೆಗೆ ತಗಲುವ ವೆಚ್ಚವು ಅಂದಿನ ಸಂಸ್ಥಾನದ ಆದಾಯಕ್ಕೆ ಹೋಲಿಸಿದರೆ ಬಹಳ ದೊಡ್ಡದಾಗಿತ್ತು. ಹಣಕಾಸಿನ ಹೊಣೆ ಹೊತ್ತವರು ಹಿಂಜರಿದುದು ಸಹಜವೇ ಆಗಿತ್ತು. ಆಗ ಅವರು ಕೋಲಾರದ ಚಿನ್ನದ ಗಣಿಗಳಿಗೆ ಮಾರಬಹುದಾದ ವಿದ್ಯುತ್ತಿನಿಂದಲೂ, ನೀರಾವರಿಯಿಂದಲೂ ಬರಬಹುದಾದ ವರಮಾನವನ್ನು ಲೆಕ್ಕ ಹಾಕಿ ಸರ್ಕಾರದ ಮುಂದಿಟ್ಟರು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1911ರ ಅಕ್ಟೋಬರ್ ತಿಂಗಳಿನಲ್ಲಿ ಮಂಜೂರಾತಿ ನೀಡಿದರು. ಮರು ತಿಂಗಳೇ ಕೆಲಸ ಆರಂಭವಾಯಿತು.

ಗಣಿಗಳಿಗೆ ಹೆಚ್ಚುವರಿ ವಿದ್ಯುತ್ ಒದಗಿಸಲು 1915ರ ಮಧ್ಯಭಾಗದ ಗಡುವು ಇದ್ದುದರಿಂದ ಅಣೆಕಟ್ಟೆಯ ಮೊದಲ ಹಂತವನ್ನು ಅಷ್ಟರೊಳಗೆ ಅಗತ್ಯ ಎತ್ತರಕ್ಕೆ ತರಬೇಕಾಗಿತ್ತು. ಮಳೆ, ಪ್ರವಾಹ ಮತ್ತು ಮಲೇರಿಯಾ ಜ್ವರದ ನಡುವೆ ಸಾವಿರಾರು ಕಾರ್ಮಿಕರು ಹಗಲಿನಲ್ಲಿಯೂ, ರಾತ್ರಿ ದೀಪಗಳ ಬೆಳಕಿನಲ್ಲಿಯೂ ದುಡಿದು ಗಡುವಿನೊಳಗೆ ಕೆಲಸ ಪೂರೈಸಿದರು. ಇಲ್ಲಿ ಸ್ಮರಿಸಬೇಕಾದುದು ಎಂಜಿನಿಯರರ ಹೆಸರನ್ನು ಮಾತ್ರವಲ್ಲ. ವೇಳೆಗೆ ಸರಿಯಾಗಿ ಮುಗಿದ ಪ್ರತಿಯೊಂದು ದೊಡ್ಡ ಕೆಲಸದ ಹಿಂದೆ ಹೆಸರು ದಾಖಲಾಗದ ಅನೇಕರ ಶ್ರಮವಿರುತ್ತದೆ. ನದಿ ನೀರಿನ ಬಗ್ಗೆ ಮದರಾಸು ಸರ್ಕಾರದೊಂದಿಗೆ ಉಂಟಾದ ವಿವಾದವು 1924ರ ಒಪ್ಪಂದದಿಂದ ಒಂದು ಘಟ್ಟಕ್ಕೆ ಬಂದು, ಅಣೆಕಟ್ಟೆಯು 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಮಂಡ್ಯ ಸೀಮೆಗೆ ನೀರುಣಿಸುವ ಕಾಲುವೆಯು ಮೊದಲು ಇರ್ವಿನ್ ಕಾಲುವೆ ಎಂದು ಕರೆಯಲ್ಪಟ್ಟು, ಈಗ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾಗಿದೆ.

ದಿವಾನರ ಕಚೇರಿ ಮತ್ತು ದಕ್ಷತೆಯ ಪರಿಶೋಧನೆ

1912ರ ನವೆಂಬರ್ ತಿಂಗಳಿನಿಂದ 1918ರ ಅಂತ್ಯದವರೆಗೆ, ಸುಮಾರು ಆರು ವರ್ಷಗಳ ಕಾಲ, ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದರು. ಈ ಹುದ್ದೆಯನ್ನು ಒಪ್ಪಿಕೊಳ್ಳುವ ಮುನ್ನ ತಮ್ಮ ಬಂಧುಬಳಗದವರನ್ನು ಕರೆದು, ಯಾವುದೇ ಶಿಫಾರಸು ಅಥವಾ ಉಪಕಾರಕ್ಕಾಗಿ ತಮ್ಮ ಬಳಿ ಬರಬಾರದೆಂದು ತಿಳಿಸಿದರೆಂದು ಅವರ ಚರಿತ್ರೆಕಾರರು ಹೇಳುತ್ತಾರೆ. ಶಿಫಾರಸಿನಿಂದ ಒಬ್ಬರ ಕಡತ ಮುಂದೆ ಸಾಗಿದರೆ ಶಿಫಾರಸಿಲ್ಲದ ಇನ್ನೊಬ್ಬರ ಕಡತ ಹಿಂದೆ ಉಳಿಯುತ್ತದೆ. ಆದ್ದರಿಂದ ಇದು ಸ್ವಂತ ಪ್ರಾಮಾಣಿಕತೆಯ ಮಾತಷ್ಟೇ ಆಗಿರದೆ ಕಾಯುತ್ತಿರುವವರ ಸರದಿಯನ್ನು ಕಾಪಾಡುವ ಕ್ರಮವೂ ಆಗಿತ್ತು.

ಈ ಅವಧಿಯಲ್ಲಿ ಸ್ಥಾಪನೆಯಾದ ಸಂಸ್ಥೆಗಳು ಹಲವು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆರಂಭಗೊಂಡವು. ಶ್ರೀಗಂಧದ ಎಣ್ಣೆ ಮತ್ತು ಸಾಬೂನು ಕಾರ್ಖಾನೆಗಳೂ ಇದೇ ಕಾಲದವು. ಮೈಸೂರು ಬ್ಯಾಂಕ್ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎನಿಸಿ, 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಉಳಿದ ಹಲವು ಸಂಸ್ಥೆಗಳು ಒಂದು ಶತಮಾನದ ನಂತರವೂ ಕಾರ್ಯನಿರ್ವಹಿಸುತ್ತಿವೆ.

ಈ ಸಂಸ್ಥೆಗಳ ಪಟ್ಟಿಯಷ್ಟು ಪ್ರಸಿದ್ಧವಲ್ಲದಿದ್ದರೂ ಅರ್ಜಿದಾರರ ದೃಷ್ಟಿಯಿಂದ ಅತ್ಯಂತ ಮಹತ್ವದ ಕಾರ್ಯವೊಂದಿದೆ. ಅದೇ ದಕ್ಷತೆಯ ಪರಿಶೋಧನೆ. ಸಾಮಾನ್ಯ ಲೆಕ್ಕಪರಿಶೋಧನೆಯಲ್ಲಿ ಕಚೇರಿಗೆ ಬಂದ ಹಣ, ಖರ್ಚಾದ ಹಣ ಮತ್ತು ಉಳಿದ ಬಾಕಿಯನ್ನು ತಾಳೆ ನೋಡಲಾಗುತ್ತದೆ. ಒಂದು ರೂಪಾಯಿಯ ವ್ಯತ್ಯಾಸ ಕಂಡುಬಂದರೂ ಆಕ್ಷೇಪಣೆ ಬರುತ್ತದೆ. ಆದರೆ ಒಂದು ಅರ್ಜಿ ಮೂರು ತಿಂಗಳು ಉತ್ತರವಿಲ್ಲದೆ ಕುಳಿತಿದ್ದರೆ ಅಂತಹ ಲೆಕ್ಕಪತ್ರದಲ್ಲಿ ಅದು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ವಿಶ್ವೇಶ್ವರಯ್ಯನವರ ಆಡಳಿತದಲ್ಲಿ ಕಚೇರಿಗಳು ತಮ್ಮ ಕೆಲಸವನ್ನು ಹೇಗೆ ನಡೆಸುತ್ತಿವೆ, ನಿಯಮ ಮತ್ತು ಆದೇಶಗಳು ಪಾಲನೆಯಾಗುತ್ತಿವೆಯೇ, ಎಲ್ಲಿ ವಿಳಂಬವಾಗುತ್ತಿದೆ ಎಂಬುದನ್ನು ಪರಿಶೀಲಿಸುವ ವ್ಯವಸ್ಥೆಯನ್ನು ಜಾರಿಗೆ ತರಲಾಯಿತು. ಹಣದ ಜೊತೆಗೆ ಕೆಲಸಕ್ಕೂ ವೇಳೆಗೂ ಲೆಕ್ಕ ಕೇಳುವ ಕ್ರಮ ಇದಾಗಿತ್ತು.

ವಾಣಿಜ್ಯಶಾಸ್ತ್ರದ ಪ್ರಥಮ ಪಾಠದಲ್ಲಿಯೇ ಆಸ್ತಿ ಮತ್ತು ಹೊಣೆ ಎಂಬ ಎರಡು ಬದಿಗಳನ್ನು ಕಲಿಸಲಾಗುತ್ತದೆ. ಬೀರುವಿನಲ್ಲಿರುವ ವಿಲೇವಾರಿಯಾಗದ ಕಡತ ಕಚೇರಿಯ ಆಸ್ತಿಯಲ್ಲ, ಅದು ಸಾರ್ವಜನಿಕರಿಗೆ ಸಲ್ಲಬೇಕಾದ ಸಾಲ. ಸಾಲಕ್ಕೆ ದಿನ ಕಳೆದಂತೆ ಬಡ್ಡಿ ಬೆಳೆಯುವಂತೆ, ವಿಳಂಬದ ಕಷ್ಟವೂ ದಿನದಿನಕ್ಕೆ ಬೆಳೆಯುತ್ತದೆ. ವ್ಯತ್ಯಾಸವೇನೆಂದರೆ ಸಾಲದ ಬಡ್ಡಿಯನ್ನು ಸಾಲಗಾರನೇ ತೆರುತ್ತಾನೆ, ವಿಳಂಬದ ಬಡ್ಡಿಯನ್ನು ಅರ್ಜಿದಾರರು ತೆರುತ್ತಾರೆ. ಈ ಅನ್ಯಾಯವನ್ನು ಸರಿಪಡಿಸುವ ಪ್ರಯತ್ನದ ಆರಂಭವನ್ನು ನಾವು ಮೈಸೂರಿನ ಆ ವರ್ಷಗಳಲ್ಲಿ ಕಾಣಬಹುದಾಗಿದೆ.

ದೈನಂದಿನ ಕಾರ್ಯಪದ್ಧತಿ

ವಿಶ್ವೇಶ್ವರಯ್ಯನವರನ್ನು ಹತ್ತಿರದಿಂದ ಬಲ್ಲವರಲ್ಲಿ ಡಿ.ವಿ. ಗುಂಡಪ್ಪನವರು ಒಬ್ಬರು. ಅವರ ಜ್ಞಾಪಕ ಚಿತ್ರಶಾಲೆ ಹಾಗೂ ಇತರರ ಬರಹಗಳಿಂದ ವಿಶ್ವೇಶ್ವರಯ್ಯನವರ ಕಾರ್ಯಪದ್ಧತಿಯ ಚಿತ್ರಣ ದೊರೆಯುತ್ತದೆ. ಅದರ ಮುಖ್ಯಾಂಶಗಳನ್ನು ಹೀಗೆ ಸಂಗ್ರಹಿಸಬಹುದು.

ಒಂದು, ಭೇಟಿಗೆ ಬರುವವರಿಗೆ ನಿಗದಿತ ವೇಳೆಯನ್ನು ಕೊಡುತ್ತಿದ್ದರು ಮತ್ತು ಆ ವೇಳೆಗೆ ತಾವೂ ಸಿದ್ಧರಾಗಿರುತ್ತಿದ್ದರು. ತಡವಾಗಿ ಬರುವುದು ಅವರಿಗೆ ಹಿಡಿಸುತ್ತಿರಲಿಲ್ಲ.

ಎರಡು, ಯಾವುದೇ ಸಭೆಗೆ ಅಥವಾ ಭೇಟಿಗೆ ಮುನ್ನ ಚರ್ಚಿಸಬೇಕಾದ ಅಂಶಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಆದ್ದರಿಂದ ಮಾತು ವಿಷಯದಿಂದ ಆಚೀಚೆ ಹೋಗುತ್ತಿರಲಿಲ್ಲ.

ಮೂರು, ಪತ್ರವಾಗಲಿ ವರದಿಯಾಗಲಿ ಭಾಷಣವಾಗಲಿ ಕರಡನ್ನು ಮತ್ತೆ ಮತ್ತೆ ತಿದ್ದಿ ಅಂತಿಮಗೊಳಿಸುತ್ತಿದ್ದರು. ಇದಕ್ಕೆ ಮೊದಲಿಗೆ ಹೆಚ್ಚು ವೇಳೆ ಹಿಡಿದರೂ, ಅಸ್ಪಷ್ಟ ಆದೇಶದಿಂದ ಮುಂದೆ ಹುಟ್ಟುವ ಹತ್ತು ಸ್ಪಷ್ಟೀಕರಣಗಳ ವೇಳೆ ಉಳಿಯುತ್ತಿತ್ತು.

ನಾಲ್ಕು, ಪ್ರವಾಸ ಕೈಗೊಂಡು ಸ್ಥಳವನ್ನು ಸ್ವತಃ ನೋಡುತ್ತಿದ್ದರು. 1898ರಲ್ಲಿ ಜಪಾನಿಗೆ ಭೇಟಿ ನೀಡಿದ್ದರು. ಆನಂತರವೂ ಹಲವು ಬಾರಿ ವಿದೇಶ ಪ್ರವಾಸ ಮಾಡಿ, ಅಲ್ಲಿ ಕಂಡ ಉಪಯುಕ್ತ ಪದ್ಧತಿಗಳನ್ನು ಇಲ್ಲಿನ ಪರಿಸ್ಥಿತಿಗೆ ಹೊಂದಿಸಲು ಯತ್ನಿಸಿದರು.

ಐದು, ಉಡುಪಿನಲ್ಲಿ ಶಿಸ್ತು, ಆಹಾರದಲ್ಲಿ ಮಿತಿ ಮತ್ತು ಪ್ರತಿದಿನದ ನಡಿಗೆಯನ್ನು ಬಿಡುತ್ತಿರಲಿಲ್ಲ. ಮೈಸೂರು ಪೇಟ ಮತ್ತು ಕೋಟು ಧರಿಸಿದ ಅವರ ಭಾವಚಿತ್ರ ರಾಜ್ಯದ ಅನೇಕ ಶಾಲೆಗಳಲ್ಲಿ ಇಂದಿಗೂ ಕಂಡುಬರುತ್ತದೆ.

ಅವರು 1951ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಆತ್ಮಕಥೆಗೆ ತಮ್ಮ ಕಾರ್ಯಜೀವನದ ನೆನಪುಗಳು ಎಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಕುಟುಂಬದ ವಿಷಯಗಳಿಗೆ ಅದರಲ್ಲಿ ಹೆಚ್ಚಿನ ಸ್ಥಳವಿಲ್ಲ. ಎಲ್ಲರೂ ಈ ಬಗೆಯಲ್ಲಿ ಬದುಕಬೇಕೆಂದೇನೂ ಇಲ್ಲ. ಕಚೇರಿಯ ವೇಳೆಯಲ್ಲಿ ಕಚೇರಿಯ ಕೆಲಸ ಮಾಡಿ, ಉಳಿದ ವೇಳೆಯನ್ನು ಮನೆಯವರೊಂದಿಗೆ ಕಳೆಯುವುದೂ ಶಿಸ್ತಿನ ಜೀವನವೇ ಆಗಿದೆ.

ಅಧಿಕಾರ ತ್ಯಾಗ

1918ರಲ್ಲಿ ಸರ್ಕಾರಿ ಉದ್ಯೋಗಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಸೂಕ್ತ ಪ್ರಾತಿನಿಧ್ಯ ನೀಡುವ ವಿಷಯವನ್ನು ಪರಿಶೀಲಿಸಲು ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ನೇಮಕಾತಿಯಲ್ಲಿ ಅರ್ಹತೆಯೊಂದನ್ನೇ ಪರಿಗಣಿಸಬೇಕು, ಹಿಂದುಳಿದವರ ಏಳಿಗೆಯನ್ನು ಶಿಕ್ಷಣದ ವಿಸ್ತರಣೆಯಿಂದ ಸಾಧಿಸಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವಾಗಿತ್ತು. ಈ ಭಿನ್ನಾಭಿಪ್ರಾಯದ ಹಿನ್ನೆಲೆಯಲ್ಲಿ ಅವರು ವರ್ಷದ ಕೊನೆಯಲ್ಲಿ ಅಧಿಕಾರದಿಂದ ನಿರ್ಗಮಿಸಿದರು. ಸಮಿತಿಯು 1919ರಲ್ಲಿ ವರದಿ ನೀಡಿತು, ಸರ್ಕಾರವು 1921ರಲ್ಲಿ ಅದರ ಆಧಾರದ ಮೇಲೆ ಆದೇಶ ಹೊರಡಿಸಿತು.

ಮಹಾಪುರುಷರ ಜೀವನವನ್ನು ಹೇಳುವಾಗ ಈ ಅಧ್ಯಾಯವನ್ನು ಬಿಟ್ಟುಬಿಡುವುದು ಸರಿಯಲ್ಲ. ಮಹಾರಾಜರು ಹಿಡಿದ ದಾರಿಯೇ ಮುಂದೆ ನಾಡಿನ ದಾರಿಯಾಯಿತು ಮತ್ತು ಸ್ವತಂತ್ರ ಭಾರತದ ಸಂವಿಧಾನವೂ ಪ್ರಾತಿನಿಧ್ಯದ ತತ್ವವನ್ನು ಅಂಗೀಕರಿಸಿತು. ಕಚೇರಿಯು ಹೊತ್ತಿಗೆ ಸರಿಯಾಗಿ ತೆರೆಯುವುದು ಎಷ್ಟು ಮುಖ್ಯವೋ, ಒಳಗೆ ಕುಳಿತವರಲ್ಲಿ ತನ್ನವರೂ ಇದ್ದಾರೆಂಬ ನಂಬಿಕೆ ಹೊರಗೆ ನಿಂತ ಪ್ರತಿಯೊಬ್ಬರಿಗೂ ಇರುವುದು ಅಷ್ಟೇ ಮುಖ್ಯ. ದಕ್ಷತೆ ಮತ್ತು ಸಾಮಾಜಿಕ ನ್ಯಾಯ ಎರಡೂ ಸೇರಿದಾಗ ಮಾತ್ರ ಆಡಳಿತ ಜನರದಾಗುತ್ತದೆ. ತಮ್ಮ ನಿಲುವಿಗೆ ವಿರುದ್ಧವಾದ ನೀತಿಯನ್ನು ಹುದ್ದೆಯಲ್ಲಿದ್ದುಕೊಂಡೇ ನಿಧಾನಗೊಳಿಸದೆ, ಹುದ್ದೆಯನ್ನು ಬಿಟ್ಟು ದಾರಿ ಮಾಡಿಕೊಟ್ಟದ್ದು ಮಾತ್ರ ಅವರ ನಡವಳಿಕೆಗೆ ತಕ್ಕುದಾಗಿತ್ತು.

ಭದ್ರಾವತಿ ಮತ್ತು ಕೊನೆಯ ವರ್ಷಗಳು

ದಿವಾನಗಿರಿಯ ನಂತರವೂ ಅವರು ಕೆಲಸದಿಂದ ನಿವೃತ್ತರಾಗಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಾಲದಲ್ಲಿ ಕಬ್ಬಿಣದ ಬೆಲೆ ಕುಸಿದು ನಷ್ಟ ಉಂಟಾಯಿತು. ಅದರ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು 1929ರವರೆಗೆ ಕಾರ್ಖಾನೆಯನ್ನು ಸುಸ್ಥಿತಿಗೆ ತರಲು ಶ್ರಮಿಸಿದರು. ಈ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಯುವಕರಿಗೆ ಕಸುಬು ಕಲಿಸುವ ಶಿಕ್ಷಣ ಸಂಸ್ಥೆಗಾಗಿ ಬಿಟ್ಟುಕೊಟ್ಟರು. ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಆ ಸಂಸ್ಥೆಗೆ ಇಟ್ಟದ್ದು ಅವರ ಹೆಸರನ್ನಲ್ಲ, ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು.

1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸುವ ಗ್ರಂಥವನ್ನು ಪ್ರಕಟಿಸಿದರು. ಒಡಿಶಾದ ಪ್ರವಾಹ ಸಮಸ್ಯೆಯನ್ನು ಕುರಿತು ಸಲಹೆ ನೀಡಿದರು. ತೊಂಬತ್ತು ವರ್ಷ ದಾಟಿದ ಮೇಲೂ ಬಿಹಾರದ ಮೊಕಾಮಾ ಬಳಿ ಗಂಗಾನದಿಯ ಸೇತುವೆಗೆ ಸ್ಥಳ ನಿರ್ಧರಿಸುವ ಕಾರ್ಯದಲ್ಲಿ ಸ್ವತಃ ಸ್ಥಳ ಪರಿಶೀಲನೆ ನಡೆಸಿದರು. 1955ರಲ್ಲಿ ಭಾರತ ಸರ್ಕಾರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ನೂರು ವರ್ಷಗಳ ತುಂಬು ಜೀವನ ನಡೆಸಿ 1962ರ ಏಪ್ರಿಲ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅಂತ್ಯಕ್ರಿಯೆ ಹುಟ್ಟೂರು ಮುದ್ದೇನಹಳ್ಳಿಯಲ್ಲಿ ನೆರವೇರಿತು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶದಾದ್ಯಂತ ಎಂಜಿನಿಯರುಗಳ ದಿನವಾಗಿ ಆಚರಿಸಲಾಗುತ್ತಿದೆ.

ಇಂದಿನ ಅರ್ಜಿದಾರರಿಗೆ

ವಿಶ್ವೇಶ್ವರಯ್ಯನವರ ಕಾಲದಲ್ಲಿ ಕೆಲಸವು ವೇಳೆಗೆ ಆಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅಧಿಕಾರಿಯ ಸ್ವಭಾವವನ್ನು ಅವಲಂಬಿಸಿತ್ತು. ಅಂತಹ ದಿವಾನರಿದ್ದರೆ ಕಡತ ಸಾಗುತ್ತಿತ್ತು, ಇಲ್ಲದಿದ್ದರೆ ನಿಲ್ಲುತ್ತಿತ್ತು. ಇಂದು ಕರ್ನಾಟಕದಲ್ಲಿ ವೇಳೆಯು ಕಾನೂನಿನ ವಿಷಯವಾಗಿದೆ. 2011ರಲ್ಲಿ ಅಂಗೀಕಾರವಾಗಿ 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಗೆ ಬಂದ ಸಕಾಲ ಸೇವೆಗಳ ಅಧಿನಿಯಮದ ಪ್ರಕಾರ, ಅಧಿಸೂಚಿತ ಪ್ರತಿಯೊಂದು ಸೇವೆಯನ್ನೂ ಗೊತ್ತುಪಡಿಸಿದ ದಿನಗಳೊಳಗೆ ಒದಗಿಸತಕ್ಕದ್ದು. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಸಲ್ಲಿಸಿದ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸತಕ್ಕದ್ದು.

ಈ ಹಿನ್ನೆಲೆಯಲ್ಲಿ ಸಾರ್ವಜನಿಕರು ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

1. ಕಚೇರಿಗೆ ಬರುವ ಮುನ್ನ ಬೇಕಾದ ದಾಖಲೆಗಳ ಪಟ್ಟಿಯನ್ನು ನೋಡಿಕೊಂಡು, ಕೇಳಬೇಕಾದ ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ದಿವಾನರೇ ಅನುಸರಿಸುತ್ತಿದ್ದ ಈ ಪದ್ಧತಿಯಿಂದ ಎರಡನೆಯ ಸಲ ಬರುವ ತೊಂದರೆ ತಪ್ಪುತ್ತದೆ.

2. ಅರ್ಜಿ ಸಲ್ಲಿಸಿದ ಕೂಡಲೇ ಸ್ವೀಕೃತಿ ಪತ್ರವನ್ನು ಕೇಳಿ ಪಡೆಯಿರಿ. ಸಕಾಲ ಸೇವೆಯಾಗಿದ್ದಲ್ಲಿ ಅದರಲ್ಲಿ 15 ಅಂಕಿಗಳ ಸಂಖ್ಯೆ ಮತ್ತು ಸೇವೆ ದೊರೆಯಬೇಕಾದ ಕೊನೆಯ ದಿನಾಂಕ ಇರುತ್ತದೆ. ಈ ಪತ್ರವೇ ನಿಮ್ಮ ಸರದಿಯ ದಾಖಲೆ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

3. ಆ ದಿನಾಂಕದೊಳಗೆ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿ ಸಲ್ಲಿಸುವುದು ಜಗಳವಲ್ಲ, ಅದು ಕಾನೂನು ಕೊಟ್ಟಿರುವ ಹಕ್ಕು.

4. ಯಾವುದೇ ಮಧ್ಯವರ್ತಿಯ ಶಿಫಾರಸನ್ನು ಅವಲಂಬಿಸಬೇಡಿ. ಶಿಫಾರಸಿನಿಂದ ಸಿಗುವ ವೇಗವು ಮತ್ತೊಬ್ಬ ಅರ್ಜಿದಾರರ ವೇಳೆಯಿಂದ ಕಿತ್ತುಕೊಂಡದ್ದಾಗಿರುತ್ತದೆ.

ಈ ಅಂಶಗಳು ಕಚೇರಿಯ ಸಿಬ್ಬಂದಿಗೂ ಅನ್ವಯಿಸುತ್ತವೆ. ಅರ್ಜಿದಾರರು ಚೀಟಿಯಲ್ಲಿ ಬರೆದುಕೊಂಡು ಬಂದ ಪ್ರಶ್ನೆಗೆ ಅಂದೇ ಸ್ಪಷ್ಟ ಉತ್ತರ ನೀಡುವುದು, ಕಡಿಮೆಯಿರುವ ದಾಖಲೆಗಳನ್ನು ಒಂದೊಂದಾಗಿ ಹಲವು ದಿನ ಹೇಳದೆ ಒಂದೇ ಬಾರಿಗೆ ಪಟ್ಟಿ ಮಾಡಿ ತಿಳಿಸುವುದು, ಕೊನೆಯ ದಿನದವರೆಗೂ ಕಾಯದೆ ಕೆಲಸ ಮುಗಿದ ದಿನವೇ ಆದೇಶ ಹೊರಡಿಸುವುದು ನಮ್ಮ ಕರ್ತವ್ಯವಾಗಿದೆ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ವರ್ಷಕ್ಕೊಮ್ಮೆ ಹೂಮಾಲೆ ಹಾಕುವುದರ ಜೊತೆಗೆ, ಪ್ರತಿದಿನ ಸಂಜೆ ಬಾಕಿ ಉಳಿದ ಕಡತಗಳ ಸಂಖ್ಯೆಯನ್ನು ಒಮ್ಮೆ ಎಣಿಸಿ ನೋಡುವುದೂ ಅವರಿಗೆ ಸಲ್ಲಿಸುವ ಗೌರವವಾಗಿದೆ.